ತಾನಾಗಿ ಹತ್ತದ ಪೆಟ್ಟಿಗೆ

ಉಗ್ರಾಣದ ಕೆಲಸಕ್ಕೆ ಸೇರಿ ಅವಳಿಗೆ ಹನ್ನೊಂದು ವರ್ಷ. ಲಾರಿಯಿಂದ ಇಳಿದ ಪೆಟ್ಟಿಗೆಗಳನ್ನು ಇಳಿಜಾರು ಹಲಗೆಯ ಮೇಲೆ ತಳ್ಳಿ ಒಳಕ್ಕೆ ಸೇರಿಸುವುದು, ಯಾವ ಸಾಲನ್ನು ಎಷ್ಟು ಎತ್ತರ ಪೇರಿಸಬೇಕೆಂದು ಹೇಳುವುದು, ಒದ್ದೆಯಾದದ್ದನ್ನು ಬೇರೆ ಇಡುವುದು, ಎಲ್ಲ ಅವಳ ತಲೆಯ ಮೇಲೇ. ಮೇಲ್ವಿಚಾರಕರ ಕುರ್ಚಿ ಮಾತ್ರ ಅವಳದಲ್ಲ. ಅದಕ್ಕೆ ಪಿಯುಸಿ ಪಾಸಾಗಿರಬೇಕಂತೆ, ಅದೂ ವಿಜ್ಞಾನದಲ್ಲಿ. ಹಾಗೆ ಪಾಸಾದ ಇಬ್ಬರು ಒಬ್ಬರ ಹಿಂದೆ ಒಬ್ಬರು ಬಂದು ಅಲ್ಲಿ ಕೂತರು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಅನ್ನುವುದನ್ನು ಇಬ್ಬರಿಗೂ ಕಲಿಸಿಕೊಟ್ಟವಳು ಇವಳೇ. ಕಲಿತ ಮೇಲೆ ಇಬ್ಬರೂ ಇವಳನ್ನು 'ಏ, ಬಾ ಇಲ್ಲಿ' ಎಂದು ಕರೆದರು. ಎರಡನೆಯವನು ಹಾಗೆ ಕರೆದ ದಿನವೇ ಅವಳು ಸಂಜೆ ಕಾಲೇಜಿಗೆ ಹೋಗಿ ಹೆಸರು ಬರೆಸಿ ಬಂದಳು.

"ಮೂವತ್ತೆರಡಕ್ಕೆ ಪಾಟೀಚೀಲ ಹೊರ್ತೀಯಾ?" ಎಂದು ಅತ್ತಿಗೆ ನಕ್ಕಳು.

"ಪೆಟ್ಟಿಗೆ ಹೊತ್ತವಳಿಗೆ ಚೀಲ ಭಾರವಾ ಅತ್ತಿಗೆ?" ಅಂದಳು ಇವಳು.

ಚೀಲ ಭಾರವಾಗಲಿಲ್ಲ, ಭೌತಶಾಸ್ತ್ರ ಭಾರವಾಯಿತು. ಉಳಿದ ವಿಷಯಗಳೆಲ್ಲ ದಾಟಿದವು, ಅದೊಂದು ಮಾತ್ರ ಮಗ್ಗುಲ ಮುಳ್ಳಾಗಿ ಉಳಿಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತೈದು ಬಾರದಿದ್ದರೆ ಮುಖ್ಯ ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ಮೇಷ್ಟ್ರು ವರ್ಷದ ಆರಂಭದಲ್ಲೇ ಹೇಳಿಬಿಟ್ಟಿದ್ದರು.

ತರಗತಿಯಲ್ಲಿ ಅವಳ ಅರ್ಧ ವಯಸ್ಸಿನವರೇ ತುಂಬಿದ್ದರು. ಎಲ್ಲರಿಗೂ ಅವಳು ಅಕ್ಕ. ಅವರಲ್ಲಿ ಇಬ್ಬರು ಅವಳಿಗೆ ಗಂಟುಬಿದ್ದರು: ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ 'ಕನ್ನಡಕ' ಎಂಬ ಹುಡುಗಿ, ಮತ್ತು ಬಾಗಿಲಿಗೆ ತಲೆ ತಗುಲುವಷ್ಟು ಬೆಳೆದಿದ್ದ 'ಉದ್ದಣ್ಣ'. ಪ್ರತಿ ರಜಾದಿನ ಮಧ್ಯಾಹ್ನ ಮೂವರೂ ಉಗ್ರಾಣದ ಹಿಂಬದಿಯಲ್ಲಿ ಸೇರಿ, ಕಬ್ಬಿಣದ ಬಾಗಿಲನ್ನೇ ಕಪ್ಪುಹಲಗೆ ಮಾಡಿಕೊಂಡು, ಕಷ್ಟದ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಅಲ್ಲಿ ಒಂದೇ ನಿಯಮ, ಅದನ್ನು ಮಾಡಿದವಳು ಅಕ್ಕ. ಗೊತ್ತಿದ್ದವರು ಸೀಮೆಸುಣ್ಣ ಮುಟ್ಟುವ ಹಾಗಿಲ್ಲ. ಯಾರಿಗೆ ಅರ್ಥವಾಗಿಲ್ಲವೋ ಅವರೇ ಬರೆಯಬೇಕು, ಉಳಿದವರು ಬರೀ ಪ್ರಶ್ನೆ ಕೇಳಬೇಕು. ಗೊತ್ತಿದ್ದವರು ಸರಸರ ಬರೆದು ಕೈ ಝಾಡಿಸಿಕೊಂಡರೆ ಗೊತ್ತಿಲ್ಲದವರಿಗೆ ಬರುವುದು ಬರೀ ಧೂಳು ಎಂಬುದು ಅವಳ ವಾದ. ಹಾಗಾಗಿ ಮೊದಲ ನಾಲ್ಕು ತಿಂಗಳು ಸೀಮೆಸುಣ್ಣ ಅವಳ ಕೈಬಿಟ್ಟು ಕದಲಲೇ ಇಲ್ಲ.

ಒಂದು ದಿನ ಮೇಷ್ಟ್ರ ಪ್ರಶ್ನೆಪುಸ್ತಕದ ಲೆಕ್ಕವೊಂದು ಬಂತು. ಮೂವತ್ತು ಡಿಗ್ರಿ ಇಳಿಜಾರಿನ ಮೇಲೆ ಹತ್ತು ಕಿಲೋ ಪೆಟ್ಟಿಗೆ ಅಲ್ಲಾಡದೆ ನಿಂತಿದೆ, ಘರ್ಷಣಾ ಗುಣಾಂಕ ಸೊನ್ನೆ ಪಾಯಿಂಟ್ ಎಂಟು. ಅದನ್ನು ತಡೆದಿರುವ ಘರ್ಷಣೆ ಎಷ್ಟು? ಅರವತ್ತೊಂಬತ್ತು ನ್ಯೂಟನ್ ಎಂದಿತ್ತು ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದ ಉತ್ತರ. ಅಕ್ಕ ಚಿತ್ರ ಬರೆದಳು. ಪೆಟ್ಟಿಗೆಯನ್ನು ಕೆಳಕ್ಕೆ ಎಳೆಯುವ ಬಲ ಐವತ್ತು ಬಂತು. ಮೇಲಕ್ಕೆ ಅರವತ್ತೊಂಬತ್ತರ ಬಾಣ ಎಳೆದವಳು ಅಲ್ಲೇ ನಿಂತಳು.

"ಇದೇನೇ ಇದು? ಕೆಳಕ್ಕೆ ಐವತ್ತು, ಮೇಲಕ್ಕೆ ಅರವತ್ತೊಂಬತ್ತು ಅಂದ್ರೆ ಪೆಟ್ಟಿಗೆ ತಾನೇ ಮೇಲಕ್ಕೆ ಹತ್ತಬೇಕಲ್ಲ? ಹಾಗೆ ಹತ್ತೋ ಹಾಗಿದ್ರೆ ಹನ್ನೊಂದು ವರ್ಷ ನನ್ನ ಸೊಂಟ ಯಾಕೆ ಬಿತ್ತು?"

ಉದ್ದಣ್ಣ ನಕ್ಕು ನಕ್ಕು ಬಾಗಿಲಿಗೆ ಒರಗಿದ. ಕನ್ನಡಕ ನಗಲಿಲ್ಲ. ಎದ್ದು ಹೋಗಿ, ಇಳಿಜಾರು ಹಲಗೆಯ ಮೇಲೆ ನಿಂತಿದ್ದ ಪೆಟ್ಟಿಗೆಯೊಂದನ್ನು ನೋಡುತ್ತ ಬಹಳ ಹೊತ್ತು ನಿಂತಳು.

"ಅಕ್ಕ, ಅರವತ್ತೊಂಬತ್ತು ಅನ್ನೋದು ಹಲಗೆ ಹೆಚ್ಚೆಂದ್ರೆ ಎಷ್ಟು ತಡೀಬಹುದು ಅನ್ನೋದು. ಎಳೀತಿರೋದು ಐವತ್ತೇ ಅಲ್ವಾ, ತಡೆಯೋದೂ ಐವತ್ತೇ. ನಾವು ಗೋಡೆಗೆ ಒರಗಿದ್ರೆ ಗೋಡೆ ನಮ್ಮನ್ನ ಎತ್ತಿ ಎಸೆಯುತ್ತಾ?"

ಪುಸ್ತಕದ ಉತ್ತರ ತಪ್ಪು, ಐವತ್ತೇ ಸರಿ ಎಂದು ಮೂವರೂ ಒಪ್ಪಿದರು. ಆ ದಿನ ಅಕ್ಕ ಮನೆಗೆ ಹೋಗಿ ಅತ್ತಿಗೆಗೂ ಅದನ್ನು ವಿವರಿಸಿದಳು, ಅತ್ತಿಗೆ ಪಾತ್ರೆ ಉಜ್ಜುತ್ತಲೇ ಹೂಂಗುಟ್ಟಿದಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು, ಮೂರು ಅಂಕಕ್ಕೆ. ಉತ್ತರಪತ್ರಿಕೆ ಕೈಗೆ ಬಂದಾಗ ಅವಳ ಐವತ್ತಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಒಟ್ಟು ಮೂವತ್ತಮೂರು. ಪಕ್ಕದಲ್ಲಿ ಕೂತಿದ್ದ ಕನ್ನಡಕಳ ಹಾಳೆ ನೋಡಿದಳು: ಅರವತ್ತೊಂಬತ್ತು, ಪೂರ್ತಿ ಅಂಕ. ಉದ್ದಣ್ಣನದೂ ಅದೇ.

"ಮೇಷ್ಟ್ರಿಗೆ ಬೇಕಾಗಿದ್ದು ಅದೇ ಅಲ್ವಾ ಅಕ್ಕ, ಅದಕ್ಕೆ ಬರೆದ್ವಿ," ಎಂದಳು ಕನ್ನಡಕ ಮೆಲ್ಲಗೆ. "ಸರಿ ಯಾವುದು ಅಂತ ನಮಗೆ ಗೊತ್ತಿತ್ತು."

ಅಕ್ಕನ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ತಪ್ಪು ಬರೆದಿದ್ದರೆ ಕ್ಷಮಿಸುತ್ತಿದ್ದಳು, ಗೊತ್ತಿದ್ದೂ ಬರೆದದ್ದನ್ನು ಹೇಗೆ ಕ್ಷಮಿಸುವುದು? ಎದ್ದು ಹೋಗಿ ಉತ್ತರಪತ್ರಿಕೆಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟಳು.

"ಸರ್, ಇದು ಸರಿ ಇದೆ."

"ಹದಿನಾಲ್ಕು ವರ್ಷದಿಂದ ಅರವತ್ತೊಂಬತ್ತೇ ಇರೋದಮ್ಮ. ಪುಸ್ತಕ ಬರೆದೋನು ನಾನು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ, ಅವರ ಕೈಗೆ ಕೆಂಪು ಪೆನ್ನು ಯಾಕೆ ಸಿಗುತ್ತದೋ ತಿಳಿಯದು. ಅವಳು ಸೀಮೆಸುಣ್ಣ ತೆಗೆದು ಮೇಷ್ಟ್ರ ಮುಂದೆ ಹಿಡಿದಳು.

"ಬಾಣ ಎರಡನ್ನೂ ನೀವೇ ಬರೀರಿ ಸರ್. ಪೆಟ್ಟಿಗೆ ಯಾವ ಕಡೆ ಹೋಗುತ್ತೆ ಅಂತ ನಾನು ಕೇಳ್ತೀನಿ, ಅಷ್ಟೇ."

ಮೇಷ್ಟ್ರು ಬೇಸರದಿಂದಲೇ ಬರೆದರು. ಕೆಳಗಿನ ಬಾಣಕ್ಕೆ ಐವತ್ತು, ಮೇಲಿನದಕ್ಕೆ ಅರವತ್ತೊಂಬತ್ತು. ಅವಳು ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ಅವರು ಒಂದು ಗಳಿಗೆ ನೋಡಿ, ಅಂಗೈಯಿಂದ ಎಲ್ಲ ಒರೆಸಿಬಿಟ್ಟರು.

"ಆಯ್ತು, ಪ್ರಶ್ನೆಯಲ್ಲೇ ಗೊಂದಲ ಇದೆ. ಎಲ್ಲರಿಗೂ ಮೂರು ಕೃಪಾಂಕ. ನಿನಗೂ ಮೂವತ್ತಾರಾಯ್ತಲ್ಲ, ಹೋಗಿ ಕೂತ್ಕೋ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಖ್ಯ ಪರೀಕ್ಷೆಗೆ ಬೇಕಾದ ಅಂಕ ಸಿಕ್ಕಿತ್ತು, ಸುಮ್ಮನೆ ಕೂರಬಹುದಿತ್ತು. ಅವಳು ಕೂರಲಿಲ್ಲ.

"ಕೃಪೆ ಬೇಡ ಸರ್. ಗೊಂದಲ ಪ್ರಶ್ನೆಯಲ್ಲಿಲ್ಲ. ಆ ಗೀಟು ಹೊಡೆದುಹಾಕಿ ಸರಿ ಅಂತ ಹಾಕಿ. ಇಲ್ಲಾಂದ್ರೆ ಮೂವತ್ತಮೂರೇ ಇರ್ಲಿ, ಮುಂದಿನ ವರ್ಷ ಮತ್ತೆ ಐವತ್ತೇ ಬರೀತೀನಿ."

ಮೇಷ್ಟ್ರು ಪೆನ್ನು ತೆಗೆದು, ಕೆಂಪು ಗೀಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿ ಸಹಿ ಮಾಡಿದರು. ಅವಳು ಹಾಳೆ ಮಡಚಿಕೊಂಡು ಬಂದಳು.

ಮುಂದಿನ ರಜಾದಿನ ಕನ್ನಡಕ, ಉದ್ದಣ್ಣ ಇಬ್ಬರೂ ಉಗ್ರಾಣದ ಹಿಂದೆ ತಲೆತಗ್ಗಿಸಿಕೊಂಡು ಬಂದು ನಿಂತರು. ಅಕ್ಕ ಕಬ್ಬಿಣದ ಬಾಗಿಲನ್ನು ಒದ್ದೆಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಕನ್ನಡಕಳ ಮುಂದೆ ಚಾಚಿದಳು.

"ಪೆಟ್ಟಿಗೆ ಲೆಕ್ಕ ಬರಿ."

"ಅದು ನಂಗೆ ಅರ್ಥ ಆಗಿದೆಯಲ್ಲ ಅಕ್ಕ. ನಾನೇ ತಾನೇ ನಿಮಗೆ ಹೇಳಿಕೊಟ್ಟಿದ್ದು?"

"ಆಗಿಲ್ಲ," ಅಂದಳು ಅಕ್ಕ. "ಹಿಡಿ."