ಕಂಪ್ರೆಸರ್ ರೂಮಿನ ಉಚ್ಚೆ ವಾಸನೆ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಹೊಸಕೋಟೆ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ನೀರನ್ನು ಗಡ್ಡೆ ಕಟ್ಟಿಸುತ್ತಿದ್ದದ್ದು ಪೈಪಿನೊಳಗಿನ ಅಮೋನಿಯಾ. ಅದು ತುಸು ಸೋರಿದರೆ ಹಳೇ ಉಚ್ಚೆಯ ವಾಸನೆ. ಜೋರಾಗಿ ಸೋರಿದರೆ ಕಣ್ಣೂ ಹೋದೀತು, ಪ್ರಾಣವೂ ಹೋದೀತು.

ಒಂದು ಬೇಸಿಗೆ ನಮ್ಮ ರೂಮಿನ ಮೂಲೆ ಗಬ್ಬು ನಾರತೊಡಗಿತು. ಸಾಹುಕಾರರು ಮೂಗು ಮುಚ್ಚಿಕೊಂಡು ಬಂದವರೇ ವಾಚ್‌ಮನ್‌ನನ್ನು ಹಿಡಿದುಕೊಂಡರು. ಸಮೇತನಹಳ್ಳಿಯವನು, ಮೊಮ್ಮಕ್ಕಳನ್ನು ಕಂಡ ಮರ್ಯಾದಸ್ಥ.

"ಇಲ್ಲೇ ಹುಯ್ತೀಯೇನಯ್ಯಾ? ನಾಚ್ಕೆ ಆಗಲ್ವಾ?"

"ನಾನಲ್ಲ ಸಾಮಿ, ನನ್ ಮಕ್ಕಳಾಣೆ!"

"ಸಾವ್ಕಾರ್ರೇ, ಇದು ಗ್ಯಾಸ್ ಲೀಕು," ಎಂದೆ ನಾನು.

"ನನ್ ಹತ್ರಾನೇ ಗ್ಯಾಸ್ ಹೊಡೀಬೇಡ. ಉಚ್ಚೆ ವಾಸ್ನೆ ನಂಗೆ ಗೊತ್ತಾಗಲ್ವಾ?"

ಮರುದಿನ ಆ ಮೂಲೆಯ ಗೋಡೆಯ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ವೆಂಕಟರಮಣ, ಗಣಪತಿ, ಲಕ್ಷ್ಮಿ ಸಾಲಾಗಿ ಬಂದು ಕೂತರು. ದೇವರ ಎದುರು ಯಾರು ತಾನೇ ಹುಯ್ಯುತ್ತಾರೆ? ವಾಸನೆ ಮಾತ್ರ ಹೆಚ್ಚಾಯಿತು. ದೇವರಿಗೂ ಹೆದರದ ಪಾಪಿ ಎಂದು ಜನ ವಾಚ್‌ಮನ್‌ನ ಜೊತೆ ಟೀ ಕುಡಿಯುವುದನ್ನೂ ಬಿಟ್ಟರು. ಅವನೋ, ಅಪವಾದ ಕಳೆದುಕೊಳ್ಳಲು ಆ ಸುಡುಬಿಸಿಲಲ್ಲಿ ನೀರು ಕುಡಿಯುವುದನ್ನೇ ಬಿಟ್ಟ. ತಡೆಯಲಾರದಾದಾಗ, "ನೋಡ್ಕಳ್ರಪ್ಪಾ, ಹೊಲಕ್ಕೇ ಹೋಗ್ತಿದೀನಿ," ಎಂದು ಕೂಗಿ ಹೇಳಿ ಹೋಗುತ್ತಿದ್ದ. ತುಟಿ ಒಡೆದಿತ್ತು.

ಗ್ರಂಥಿಗೆ ಅಂಗಡಿಯಿಂದ ಗಂಧಕ ತಂದೆ. ಕರಗಿಸಿ, ದಾರ ಅದ್ದಿ, ಬತ್ತಿ ಮಾಡಿ ಹಚ್ಚಿಕೊಂಡು ಪೈಪಿನುದ್ದಕ್ಕೂ ಹಿಡಿದು ಹೊರಟೆ. ಗಂಧಕದ ಹೊಗೆಗೆ ಅಮೋನಿಯಾ ತಗುಲಿದ ಕಡೆ ಬೆಳ್ಳಗೆ ದಟ್ಟವಾಗುತ್ತದೆ. ಲೀಕು ಹುಡುಕುವುದು ಹಾಗೆಯೇ. ಸರಿಯಾಗಿ ವೆಂಕಟರಮಣನ ಪಾದದ ಕೆಳಗೆ, ಪೈಪಿನ ಜಾಯಿಂಟಿನಲ್ಲಿ, ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ಗಲ್ಲ ಗಲ್ಲ ಬಡಿದುಕೊಂಡರು.

"ತಪ್ಪಾಯ್ತು ತಂದೆ, ಗೋವಿಂದಾ!"

"ಗೋವಿಂದಾನೇ ಆಗೋಗ್ತೀರ, ಆಚೆ ನಡೀರಿ!" ಎಂದು ಅವರನ್ನು ಹೊರಗೆ ನೂಕಿದೆ. ವಾಲ್ವ್ ಮುಚ್ಚಿ, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಜಾಯಿಂಟಿನ ಬೋಲ್ಟು ಬಿಗಿ ಮಾಡಿದೆ.

ಸಂಜೆಗೆ ವಾಸನೆ ಮಾಯ. ಸಾಹುಕಾರರು ಎಲ್ಲರನ್ನೂ ಕರೆದರು. ವಾಚ್‌ಮನ್ ತಲೆಗೆ ಹೊಸ ಟವೆಲ್ ಸುತ್ತಿಕೊಂಡು ಮುಂದೆಯೇ ನಿಂತಿದ್ದ.

"ನೋಡಿದ್ರಾ? ಸ್ವಾಮಿ ಹೊಗೆ ರೂಪದಲ್ಲಿ ಬಂದು ಹೆದರಿಸಿದ್ಮೇಲೆ ಇವನು ಹುಯ್ಯೋದು ಬಿಟ್ಟ. ಹೋಗ್ಲಿ, ಕ್ಷಮಿಸಿದೀನಿ. ಕೆಲಸದಲ್ಲಿರ್ಲಿ."

ಬೋಲ್ಟು, ಜಾಯಿಂಟು ಎಂದು ನಾನು ಗಂಟಲು ಹರಿದುಕೊಂಡೆ. ಯಾರು ಕೇಳುತ್ತಾರೆ, ಎಲ್ಲರೂ ಆಗಲೇ ಗೋಡೆಗೆ ಕೈಮುಗಿದು ನಿಂತಿದ್ದರು. ವಾಚ್‌ಮನ್ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಮೇಸ್ತ್ರಿ, ಭಾನುವಾರ ನಾನು ಊರಿಗೋಗ್ತೀನಿ. ಆವತ್ತೊಂದಿನ ಆ ಬೋಲ್ಟನ್ನ ಒಂಚೂರು ಸಡ್ಲ ಮಾಡ್ಬಿಡಪ್ಪಾ."