ಗುರುಶಾಂತಮ್ಮ ಮಾಡಿದ ಫೇರ್ ಕಾಪಿ

ದಬ್ಬೇಘಟ್ಟದ ಗುರುಶಾಂತಮ್ಮನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ, ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ ಆ ಅಕ್ಷರ ಅಣ್ಣನ ಸೇವೆಗೆ ನಿಂತಿತು. ಅಣ್ಣ ತೋಂಟದಾರ್ಯ ತಿಪಟೂರಿನಲ್ಲಿ ಲೆಕ್ಚರರ್. ಪುಸ್ತಕ ಬರೆಯುವ ಹುಚ್ಚು ಬಹಳ, ಕೈಬರಹ ಮಾತ್ರ ಕೋಳಿ ಕೆದರಿದ ಹಾಗೆ. ಅವನು ಕೆದರಿದ್ದನ್ನೆಲ್ಲ ತಂಗಿ ಫೇರ್ ಕಾಪಿ ಮಾಡಿಕೊಡಬೇಕು.

೧೯೭೮ರಲ್ಲಿ ಅವನು ಅರಬ್ ದೇಶದ ಹೆಂಗಸೊಬ್ಬಳು ಬರೆದ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಹಿಡಿದ. ಭಾನುವಾರ ಭಾನುವಾರ ಬಂದು ಒಂದು ಅಧ್ಯಾಯ ಕೊಟ್ಟು, ಹಿಂದಿನ ವಾರದ್ದನ್ನು ಒಯ್ಯುತ್ತಿದ್ದ. ಕಥೆಯಲ್ಲಿ ನಜ್ಮಾ ಅಂತ ಒಬ್ಬ ವಿಧವೆ. ಅಪ್ಪ ಸತ್ತ ಮೇಲೆ ಅವಳ ಪಾಲಿನ ಖರ್ಜೂರದ ತೋಟವನ್ನು ಅಣ್ಣಂದಿರು ಬರೆಸಿಕೊಳ್ಳಲು ನೋಡುತ್ತಾರೆ. ಅವಳು ಒಪ್ಪದೆ ಕಾಜಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಬರೆಯಲು ಕೂತರೆ ಗುರುಶಾಂತಮ್ಮನಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಖರ್ಜೂರ ಇದ್ದಲ್ಲಿ ತೆಂಗು ಅಂತ ಓದಿಕೊಂಡರೆ ಅದು ಅವಳದೇ ಕಥೆ. ಅಪ್ಪ ಕೊಬ್ಬರಿ ವ್ಯಾಪಾರದಲ್ಲಿ ದುಡಿದು ಕೊಂಡ ತೋಟದಲ್ಲಿ ಅವಳಿಗೂ ಪಾಲಿತ್ತು. ಅಪ್ಪ ತೀರಿಕೊಂಡು ವರ್ಷವಾದರೂ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಇಂಥ ಕಥೆಯನ್ನೇ ಹುಡುಕಿ ತಂದಿದ್ದಾನೆಂದರೆ, ಬಾಯಲ್ಲಿ ಹೇಳಲಾಗದ್ದನ್ನು ಅಣ್ಣ ಹೀಗೆ ಹೇಳುತ್ತಿದ್ದಾನೆ, ನನ್ನ ಪಾಲು ನನಗೆ ಕೊಟ್ಟೇ ಕೊಡುತ್ತಾನೆ ಎಂದು ಅವಳು ನಂಬಿದಳು. ಪಾಪ, ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಿಯಾಳು?

ಆರು ತಿಂಗಳಾದ ಮೇಲೆ ಒಂದು ಭಾನುವಾರ ತೋಂಟದಾರ್ಯ ಹೊಸ ಅಧ್ಯಾಯದ ಜೊತೆ ಒಂದು ಛಾಪಾ ಕಾಗದ, ಒಂದು ಕರಡು ಕೊಟ್ಟ.

“ಇದನ್ನೂ ನೀಟಾಗಿ ಬರ್ದು ಕೆಳಗೆ ಸೈನ್ ಹಾಕ್ಬುಡು ಕಣೇ. ನಾಳೆ ರಿಜಿಸ್ಟ್ರಾಫೀಸಿಗೆ ಹೋಗ್ಬೇಕು,” ಅಂದವನೇ ತೋಟದ ಕಡೆ ಹೊರಟ.

‘ಗುರುಶಾಂತಮ್ಮನಾದ ನಾನು ತೋಟದಲ್ಲಿನ ನನ್ನ ಹಕ್ಕನ್ನು ಸ್ವಸಂತೋಷದಿಂದ ನನ್ನ ಅಣ್ಣನಿಗೆ ಬಿಟ್ಟುಕೊಟ್ಟಿರುತ್ತೇನೆ’ ಎಂದಿತ್ತು ಕರಡಿನಲ್ಲಿ. ಅವಳು ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಓಡಿದಳು.

“ಅವ್ವಾ, ಇದು ನಿಂಗೆ ಮೊದ್ಲೇ ಗೊತ್ತಿತ್ತಾ?”

ತಾಯಿ ಶಿವರುದ್ರಮ್ಮ ಮುದ್ದೆ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ. “ಅದನ್ನ ಮಾರಿ ತಿಪಟೂರ್ನಾಗೆ ಮನೆ ಕಟ್ತಾನಂತೆ. ಅಣ್ಣ ಅಲ್ವೇನೇ, ಎರಡು ಹೊತ್ತು ಊಟ ಹಾಕಲ್ವಾ? ಬರ್ಕೊಟ್ಬುಡು.”

ತಾಯಿ ಮಗ ಇಬ್ಬರೂ ಕೂಡಿಕೊಂಡೇ ಮಾಡಿದ್ದರು. ನಂಬಿದವರೇ ಕತ್ತು ಕೊಯ್ದರೆ ಯಾರ ಮುಂದೆ ಹೇಳಿಕೊಳ್ಳುವುದು? ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತು ಛಾಪಾ ಕಾಗದವನ್ನು ಬರೆದಳು. ಬರೆದದ್ದು ಕರಡಿನ ಮಾತಲ್ಲ. ನಜ್ಮಾ ಕಾಜಿಗೆ ಹೇಳಿದ, ಹಿಂದಿನ ವಾರವಷ್ಟೇ ತಾನು ಫೇರ್ ಕಾಪಿ ಮಾಡಿದ್ದ ಮಾತು: ‘ಅಪ್ಪ ಬಿಟ್ಟುಹೋದ ಪಾಲು ನನ್ನದು. ಸಂತೋಷದಿಂದಲೂ ಬಿಡೆ, ಹೆದರಿಯೂ ಬಿಡೆ.’ ಕೆಳಗೆ ತನ್ನ ಹೆಸರಿನ ಸಹಿ ಹಾಕಿದಳು.

ತೋಂಟದಾರ್ಯ ಬಂದು ಓದಿದ. ಮುಖ ಕಪ್ಪಿಟ್ಟಿತು.

“ಲೇ, ಇದು ಕಾದಂಬರಿ ಮಾತಲ್ವೇನೇ? ನೀನು ಅದನ್ನ ಓದ್ತಿದ್ಯಾ?”

ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಆರು ತಿಂಗಳಿಂದ ತಂಗಿಯ ಕೈ ಬರೆಯುತ್ತಿದೆ ಅಂದುಕೊಂಡಿದ್ದನೇ ಹೊರತು, ತಂಗಿ ಓದುತ್ತಿದ್ದಾಳೆ ಎಂದು ಆ ಮಹಾಶಯನಿಗೆ ಹೊಳೆದೇ ಇರಲಿಲ್ಲ. ಅವಳಿಗಾಗಿ ಅವನು ಏನನ್ನೂ ಆರಿಸಿ ತಂದಿರಲಿಲ್ಲ. ಅವನು ತನ್ನ ಪಾಲು ಬರೆಸಿಕೊಳ್ಳಲು ನೋಡಿದ್ದಕ್ಕಿಂತ ಇದು ಅವಳನ್ನು ಹೆಚ್ಚು ಸುಟ್ಟಿತು.

“ಏನ್ ಬರಿತಿದೀನಿ ಅಂತ ತಿಳೀದೆ ಬರಿಯೋಕೆ ನಿಂಗಾಯ್ತದೆ ಕಣಣ್ಣ,” ಅಂದಳು. “ನಂಗಾಗ್ಲಿಲ್ಲ.”

ಅಂದಿನಿಂದ ಅಣ್ಣ ಮಾತು ಬಿಟ್ಟ. ತೋಟದ ಪಾಲು ಅವಳಿಗೇ ಉಳಿಯಿತು. ಮರುವರ್ಷ ಪುಸ್ತಕ ಅಚ್ಚಾಗಿ, ಹೆಂಗಸರ ಪರ ದನಿಯೆತ್ತಿದವನೆಂದು ತೋಂಟದಾರ್ಯನಿಗೆ ತಿಪಟೂರಿನಲ್ಲಿ ಶಾಲು ಹೊದಿಸಿದರು. ಆ ಸುದ್ದಿ ಕೇಳಿದ ದಿನ ಗುರುಶಾಂತಮ್ಮ ಬಾಗಿಲು ಹಾಕಿಕೊಂಡು ಅತ್ತಳು. ಅಷ್ಟಾದರೂ ಕೇಳಿದೊಡನೆ ಮೊದಲು ಬಂದದ್ದು ಅಣ್ಣನಿಗೆ ಮರ್ಯಾದೆ ಸಿಕ್ಕಿತೆಂಬ ಸಂತೋಷ, ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂದಿತ್ತು.