ಅಕ್ಕನ ವಿಸಿಟಿಂಗ್ ಕಾರ್ಡು

ನನಗೆ ಬುದ್ಧಿ ಕಡಿಮೆ ಎಂದು ಯಾರಾದರೂ ಅಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಬುದ್ಧಿ ಜಾಸ್ತಿಯಾಗಿ ಕೆಟ್ಟವನು ಎಂದರೆ ಮಾತ್ರ ತೆಪ್ಪಗೆ ಒಪ್ಪಿಕೊಳ್ಳುತ್ತೇನೆ. ಒಪ್ಪಿಸಿದವರು ಚಿತ್ರದುರ್ಗದ ಒಂದು ಪ್ರೆಸ್ಸಿನ ಯಜಮಾನರು.

ಎಪ್ಪತ್ತರ ದಶಕ. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಬಜಾರಿನಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಅಂಗಡಿ ಇಡಲು ಹೊರಟಿದ್ದಳು. ಆ ಬೀದಿಯಲ್ಲಿ ಅದುವರೆಗೆ ಹೆಂಗಸರು ಅಂಗಡಿ ಇಟ್ಟಿದ್ದಿಲ್ಲ. ಎದುರು ಸಾಲಿನ ಹಿರಿಯ ಟೇಲರ್, ಬೀದಿಗೆಲ್ಲ ಕೇಳುವ ಹಾಗೆ, "ಮನ್ಯಾಗೆ ಕುಂತು ಹೆಂಗಸ್ರ ರವಿಕೆ ಜಂಪರ್ ಹೊಲಿಯೋದು ಬ್ಯಾರೆ, ಟೇಲರ್ ಅನ್ನಿಸ್ಕಳೋದು ಬ್ಯಾರೆ ಕಣಮ್ಮ" ಅಂದಿದ್ದ. ಅಕ್ಕ ಅವತ್ತು ಊಟ ಮಾಡಲಿಲ್ಲ. ಮರುದಿನ ನನ್ನನ್ನು ಕರೆದು, "ನಂಗೊಂದು ಕಾರ್ಡ್ ಮಾಡಿಸ್ಕೊಡು. ಟೇಲರ್ ಅಂತಾನೇ ಇರಬೇಕು. ಇನ್ನೆರಡು ವಾರಕ್ಕೆ, ಸೋಮವಾರ ಅಂಗಡಿ ಬಾಗಿಲು ತೆಗೆದ ತಕ್ಷಣ ಮೊದಲನೇದು ಆ ಪುಣ್ಯಾತ್ಮನಿಗೇ ಕೊಡ್ತೀನಿ" ಅಂದಳು.

ನಾನು ದುರ್ಗದ ಬಸ್ಸು ಹತ್ತಿದೆ. ಪ್ರೆಸ್ಸಿನ ಯಜಮಾನರೇ ಅಲ್ಲಿ ಅಚ್ಚುಮೊಳೆ ಜೋಡಿಸುವವರು. ಅವರ ಬೆರಳು ಮೊಳೆಯ ಗೂಡುಗಳ ಮೇಲೆ ಓಡುತ್ತಿದ್ದುದನ್ನು ನೋಡುತ್ತಾ ಬಂದ ಕೆಲಸವನ್ನೇ ಮರೆತೆ. ಕಣ್ಣು ಕಾಗದದ ಮೇಲೆ, ಕೈ ಗೂಡಿನಲ್ಲಿ. ಒಂದು ಸಲವೂ ತಡಕಾಡಲಿಲ್ಲ. ಜೋಡಿಸಿದ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿತ್ತು. ಅದನ್ನವರು ನಾನು ಪೇಪರ್ ಓದುವುದಕ್ಕಿಂತ ಬೇಗ ಓದಿ ಮುಗಿಸಿದರು.

ಕಾರ್ಡಿನ ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಚಿತ್ರ ಬೇಕೆಂದೆ. "ಚಿತ್ರಕ್ಕೆ ಬ್ಲಾಕ್ ಬೇಕು ಮೇಷ್ಟ್ರೇ, ಲೋಹದ ಅಚ್ಚು. ಬೆಂಗಳೂರಿನಾಗೆ ಮಾಡ್ತಾರೆ. ಕಪ್ಪು ಇಂಕಿನಾಗೆ ದೊಡ್ಡದಾಗಿ ಬರೀರಿ, ಶೇಡಿಂಗ್ ಬ್ಯಾಡ. ಕಳ್ಸೋ ಮುಂಚೆ ನಂಗೊಂದ್ಸಲ ತೋರ್ಸ್ರಿ" ಅಂದರು.

ತೋರಿಸಲಿಲ್ಲ. ಡ್ರಾಯಿಂಗ್ ಮೇಷ್ಟ್ರಾದವನು ಇನ್ನೊಬ್ಬರಿಗೆ ಚಿತ್ರ ತೋರಿಸಿ ಸರಿ ಅನ್ನಿಸಿಕೊಳ್ಳಬೇಕೇ ಎಂಬ ಜಂಬ. ಅಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆ. ಮನೆಗೆ ಬಂದು ಯೋಚಿಸಿದೆ: ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಹಾಗಾದರೆ ಚಿತ್ರವನ್ನೂ ಹಾಗೇ ಬರೆದು ಕೊಡಬೇಕಲ್ಲ! ನೆಟ್ಟಗೆ ಬರೆದ ಚಿತ್ರವನ್ನು ಕಿಟಕಿಯ ಗಾಜಿಗೆ ಮಗುಚಿ ಒತ್ತಿಹಿಡಿದು, ಬೆನ್ನಿನ ಕಡೆಯಿಂದ ಗೆರೆ ತೆಗೆದು, ಇಂಕು ತುಂಬಿ ಬೆಂಗಳೂರಿನ ಬ್ಲಾಕಿನವರಿಗೆ ಅಂಚೆಗೆ ಹಾಕಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅಂಗಡಿ ತೆರೆಯುವ ಮುಂಚಿನ ಶನಿವಾರ ಬೆಳಿಗ್ಗೆ ಅಕ್ಕನೂ ನನ್ನ ಜೊತೆ ಪ್ರೆಸ್ಸಿಗೆ ಬಂದಳು. ಬ್ಲಾಕು ಬಂದಿತ್ತು. ಯಜಮಾನರು ಕಾಗದ ಬಿಚ್ಚಿ, ಅದನ್ನು ಬೆಳಕಿಗೆ ಹಿಡಿದು, "ಮಿಷನ್ ಚಕ್ರ ಯಾವ ಮಗ್ಗಲಿಗೆ ಇರ್ತೈತೆ?" ಎಂದು ಕೇಳಿದರು.

"ಬಲಕ್ಕೆ. ಬ್ಲಾಕಿನಲ್ಲೂ ಬಲಕ್ಕೇ ಇದೆಯಲ್ಲ" ಅಂದೆ.

ಅವರು ಬ್ಲಾಕಿಗೆ ಇಂಕು ಸವರಿ, ಒಂದು ಕಾಗದ ಒತ್ತಿ ತೆಗೆದು ಅಕ್ಕನ ಕೈಗೆ ಕೊಟ್ಟರು. ಚಕ್ರ ಎಡಕ್ಕೆ, ಸೂಜಿ ಬಲಕ್ಕೆ. "ಬ್ಲಾಕಿನೋರು ಫೋಟೋ ಹಿಡಿದು ತಾವೇ ತಿರುಗಿಸ್ತಾರೆ. ನೀವು ಮೊದಲೇ ಒಂದ್ಸಲ ತಿರುಗ್ಸಿದ್ರಿ" ಅಂದರು. ದನಿಯಲ್ಲಿ ಬೈಗುಳವಿರಲಿಲ್ಲ. ನನಗೆ ಅದೇ ಹೆಚ್ಚು ನಾಚಿಕೆಯಾಯಿತು.

"ಇಷ್ಟು ಸಣ್ಣ ಚಿತ್ರ, ಯಾರು ನೋಡ್ತಾರೆ ಬಿಡಕ್ಕ" ಅಂದೆ.

"ಊರೋರು ನೋಡಲ್ಲ ಕಣೋ, ಟೇಲರ್‌ಗಳು ನೋಡ್ತಾರೆ. ಚಕ್ರ ಯಾವ ಕಡೆಗೈತೆ ಅನ್ನೋದೂ ಗೊತ್ತಿಲ್ದೋಳು ಅಂಗಡಿ ಇಟ್ಟವಳೆ ಅಂತಾರೆ." ಅವಳ ಕಣ್ಣು ತುಂಬಿತ್ತು. ಇನ್ನೊಂದು ಬ್ಲಾಕು ಬರುವಷ್ಟರಲ್ಲಿ ಸೋಮವಾರ ಕಳೆದುಹೋಗುತ್ತಿತ್ತು. ಚಿತ್ರವೇ ಬೇಡ, ಬರೀ ಅಕ್ಷರ ಸಾಕು ಎಂದು ಅವಳು ಹೇಳುವುದರಲ್ಲಿದ್ದಳು.

ಯಜಮಾನರು ಸ್ಟೂಲು ಎಳೆದರು. "ಕುಂತ್ಕಳಮ್ಮ. ನಿನ್ನ ಮಿಷನ್ ಹೆಂಗೈತೆ, ಒಂದೊಂದೇ ಹೇಳು. ಇರೋ ಮೊಳೆನಾಗೇ ಕಟ್ಟಾಣ" ಅಂದರು.

ಕಟ್ಟುವುದೆಂದರೆ ಹೀಗೆ. ಮಿಷನ್ನಿನ ಮೈಗೆ ದಪ್ಪ ಗೆರೆಯ ಹಿತ್ತಾಳೆ ಪಟ್ಟಿಯನ್ನು ತುಂಡು ಮಾಡಿ ಇಟ್ಟರು. ಚಕ್ರಕ್ಕೆ ಮದುವೆ ಪತ್ರಿಕೆಯ ದಪ್ಪ ಸೊನ್ನೆ. ನೂಲಿನ ರೀಲಿಗೆ ಇಂಗ್ಲಿಷಿನ ದೊಡ್ಡ ಐ ಅಕ್ಷರ. ಮೇಲೂ ಕೆಳಗೂ ಅಡ್ಡಗೆರೆ ಇದ್ದ ಅದು ರೀಲೇ ಆಗಿಬಿಟ್ಟಿತು. ಸೂಜಿಗೆ ಆಶ್ಚರ್ಯಸೂಚಕ ಚಿಹ್ನೆ. ದಾರಕ್ಕೆ ಅತಿ ಸಣ್ಣ ಚುಕ್ಕೆಗಳು, ಒಂದೊಂದನ್ನೂ ಚಿಮಟದಲ್ಲಿ ಹಿಡಿದು. ಎಲ್ಲವೂ ಕನ್ನಡಿಯ ಕ್ರಮದಲ್ಲಿ, ಚಕ್ರ ಎಡಕ್ಕೆ. ನಾನು ಇಬ್ಬರ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಅದಕ್ಕಿಂತ ದೊಡ್ಡ ಕೆಲಸ ನನಗೆ ಯಾರೂ ಕೊಡಲಿಲ್ಲ.

ಅಕ್ಕ ಮೊಳೆಗಳ ಮೇಲೆ ಬಗ್ಗಿ ನೋಡಿ, "ಜಂಪರ್ ಒಳಮಗ್ಗಲಿಂದ ಹೊಲಿದು ಆಮೇಲೆ ಮಗುಚಿದಂಗೆ, ಅಲ್ವೇನಣ್ಣ?" ಅಂದಳು. ಯಜಮಾನರು ತಲೆಯೆತ್ತಿ ನಕ್ಕರು. ಆಮೇಲೆ ಅವಳು ಸ್ಟೂಲಿನ ಮೇಲೆ ಕೂರಲೇ ಇಲ್ಲ. ಅವರ ಭುಜದ ಪಕ್ಕ ನಿಂತು, ರೀಲು ಇನ್ನೂ ಚಕ್ರದ ಹತ್ತಿರಕ್ಕೆ, ದಾರ ನೇರ ಸೂಜಿಗೆ ಬರಬಾರದು, ಮೊದಲು ಕೊಕ್ಕೆಗೆ ಹಾಯಬೇಕು ಎಂದು ಹೇಳುತ್ತಾ ಹೋದಳು. ಅವರು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದರು, ಒಮ್ಮೆಯೂ ಬೇಸರಿಸಲಿಲ್ಲ. ಗಾಜಿಗೆ ಕಾಗದ ಒತ್ತಿಹಿಡಿದ ನನಗೆ ಒಂದು ವಾರದಲ್ಲಿ ಹೊಳೆಯದ್ದು ಇವಳಿಗೆ ಅರ್ಧ ಗಳಿಗೆಯಲ್ಲಿ ಹೊಳೆದಿತ್ತು. ಕೈಕೆಲಸ ಬಲ್ಲ ಇಬ್ಬರು ಹೀಗೆ ಒಬ್ಬರ ಮಾತನ್ನೊಬ್ಬರು ಎತ್ತಿಕೊಳ್ಳುವುದನ್ನು ನಾನು ಮತ್ತೆ ಅಷ್ಟು ಹತ್ತಿರದಿಂದ ನೋಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರ್ಡುಗಳು ಅಚ್ಚಾಗಿ ಮುಗಿದವು. ನಾನು ಅಂಥ ಹತ್ತು ಚಿತ್ರ ಬರೆದರೂ ಆ ಮಿಷನ್ನಿನ ಗತ್ತು ಬರುತ್ತಿರಲಿಲ್ಲ. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

ಸೋಮವಾರ ಅಂಗಡಿಯ ಬಾಗಿಲು ತೆಗೆದು ದೀಪ ಹಚ್ಚಿದ ಅಕ್ಕ ಸೀದಾ ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ. ಟೇಲರ್ ಕಾರ್ಡು ತೆಗೆದುಕೊಂಡು, ಕನ್ನಡಕ ಏರಿಸಿ ನೋಡಿದ. ಹೆಸರು ಓದಿದಂತೆ ಕಾಣಲಿಲ್ಲ, ಅವನ ಉಗುರು ದಾರದ ಚುಕ್ಕೆಗಳ ಮೇಲೆ ಮೆಲ್ಲಗೆ ಹೋಗುತ್ತಿತ್ತು.

"ರೀಲು ಚಕ್ರದ ಮಗ್ಗಲಿಗೈತೆ. ದಾರ ಕೊಕ್ಕೆಗೆ ಹಾಯ್ದು ಇಳಿದೈತೆ. ಯಾವ ಟೇಲರ್ ಹೇಳಿ ಮಾಡ್ಸಿದ್ದು ಇದು?"

"ನಾನೇ" ಅಂದಳು ಅಕ್ಕ.

ಅವನು ಅವಳ ಮುಖ ನೋಡಿದ. ಒಳಗೆ ಹೋಗಿ, ಒಂದು ರೇಷ್ಮೆ ಜಂಪರ್ ತುಂಡು ತಂದು ಮೇಜಿನ ಮೇಲೆ ಹರಡಿದ. "ನಾನು ಪ್ಯಾಂಟು ಶರ್ಟಿನೋನು. ಮಗಳ ಮದುವೆದಮ್ಮ ಇದು. ಎರಡು ಸಲ ಕತ್ತರಿ ಹಿಡಿದೆ, ಧೈರ್ಯ ಬರಲಿಲ್ಲ."

ನಾನಾಗಿದ್ದರೆ ಅಲ್ಲೇ ನಾಲ್ಕು ಮಾತು ಆಡಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಅಕ್ಕ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನೇಯ್ಗೆ ಯಾವ ಕಡೆಗೆ ಓಡುತ್ತದೆಂದು ತಿರುಗಿಸಿ ನೋಡಿದಳು.

"ಮಗಳನ್ನ ಕಳಿಸ್ರಿ," ಅಂದಳು, "ಅಳತೆ ತಗಬೇಕು."